ಬದು ಯಾರ ಪರ ಸಾಕ್ಷಿ ಹೇಳುತ್ತದೆ?

ಕಾರ್ತೀಕ ಮಾಸದ ಕಡೇ ಸೋಮವಾರ ಬೆಂಗಳೂರಿನ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ದೊಡ್ಡ ಬಸವನ ಗುಡಿಗೆ ಹೋಗುವ ಏರುರಸ್ತೆಯ ಎರಡೂ ಮಗ್ಗುಲಿಗೆ ಕಡಲೆಕಾಯಿ ರಾಶಿ ಬೀಳುತ್ತದೆ. ಮಾಗಡಿ, ಕೋಲಾರ, ಚಿಂತಾಮಣಿ ಕಡೆಯಿಂದ, ಆಂಧ್ರ ತಮಿಳುನಾಡುಗಳಿಂದ ಮೂಟೆ ಬರುತ್ತವೆ. ಜನ ಸೇರಿನಲ್ಲಿ ಅಳೆಸಿಕೊಂಡು ಹೋಗುತ್ತಾರೆ. ಈ ಪರಿಷೆಗೊಂದು ಕತೆ ಇದೆ. ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿ, ದಾಸರಹಳ್ಳಿಗಳ ರೈತರು ಈ ಗುಡ್ಡದ ಸುತ್ತ ಕಡಲೆಕಾಯಿ ಬೆಳೀತಿದ್ದರಂತೆ. ಒಂದು ಬಸವ ಬಂದು ಬೆಳೆದ ಬೆಳೆಯನ್ನೆಲ್ಲ ಮೇಯ್ದು ಹೋಗುತ್ತಿತ್ತಂತೆ. ರೈತರು ಕಾದು ಕೂತು ಅಟ್ಟಿಸಿಕೊಂಡು ಹೋದಾಗ ಅದು ಗುಡ್ಡದ ಮೇಲೆ ಕಲ್ಲಾಗಿ ಕೂತಿತಂತೆ. ಅಂದಿನಿಂದ ಮೊದಲ ಬೆಳೆ ಬಸವನಿಗೆ.

ಇದನ್ನು ಎಲ್ಲರೂ ದೇವರ ಕತೆ ಅಂತಲೇ ಕೇಳುತ್ತಾರೆ. ದೇವರನ್ನು ಒಂದು ಗಳಿಗೆ ಪಕ್ಕಕ್ಕಿಟ್ಟು ನೋಡಿ. ಇದು ಗುಡ್ಡದ ಬೇಸಾಯದ ಕತೆ. ಕಡಲೆಕಾಯಿ ನಮ್ಮ ನೆಲದಲ್ಲಿ ಹುಟ್ಟಿದ ಗಿಡವಲ್ಲ, ದಕ್ಷಿಣ ಅಮೆರಿಕದ್ದು. ಯುರೋಪಿನ ಹಡಗುಗಳು ಆ ಖಂಡವನ್ನು ಮುಟ್ಟಿದ ಮೇಲೆ ಇತ್ತ ಬಂದದ್ದು. ಆದ್ದರಿಂದ ಈ ಕತೆ ಅನಾದಿ ಕಾಲದ್ದೇನೂ ಅಲ್ಲ. ಇಲ್ಲಿನ ಇಳಿಜಾರಿನ ಕೆಂಪು ಮಣ್ಣಿನಲ್ಲಿ ಯಾರೋ ಈ ಹೊಸ ಬೆಳೆಯನ್ನು ಹಾಕಿದರು, ಕಾದರು, ಕಿತ್ತರು. ಆ ಹೊಲ ಹೋಯಿತು. ಹೊಲದ ಗುರುತು ಪರಿಷೆಯಾಗಿ ಉಳಿಯಿತು. ಬೆಳೆ ತಿಂದ ಬಸವನಿಗೆ ಸುಮಾರು ಹದಿನೈದು ಅಡಿ ಎತ್ತರದ ವಿಗ್ರಹ ಇದೆ, ಗುಡಿ ಇದೆ, ಪೂಜೆ ಇದೆ. ಬೆಳೆದವರಿಗೆ ಏನಿದೆ? ‘ರೈತರು’ ಎಂಬ ಒಂದು ಮಾತು. ಆ ಮಾತಿನ ಒಳಗೆ ಹೊಲದ ಒಡೆಯನೂ ಇದ್ದಾನೆ, ಗೇಣಿದಾರನೂ ಇದ್ದಾನೆ, ಸಾಲಕ್ಕೆ ಜೀತ ಬಿದ್ದ ಆಳೂ ಇದ್ದಾನೆ, ಬಗ್ಗಿದ ಬೆನ್ನು ಎತ್ತದೆ ಕಳೆ ಕಿತ್ತ ಹೆಣ್ಣಾಳೂ ಇದ್ದಾಳೆ. ಕತೆ ಅವರನ್ನು ಬೇರೆ ಮಾಡಿ ತೋರಿಸುವುದಿಲ್ಲ. ಕತೆ ಹೇಳುವವರಿಗೆ ಅದರ ಅಗತ್ಯವೂ ಬೀಳಲಿಲ್ಲ.

ನಾನು ಇಲ್ಲಿ ಎತ್ತುವ ಪ್ರಶ್ನೆ ಇಷ್ಟೆ. ದುಡಿಮೆ ನೆಲದ ಮೇಲೆ ಒಂದು ಗುರುತು ಬಿಟ್ಟು ಹೋಗುತ್ತದೆ. ಆ ಗುರುತಿಗೆ ನಾವು ಸಲ್ಲಿಸಬೇಕಾದ್ದು ಏನಾದರೂ ಇದೆಯೆ? ಇದ್ದರೆ ಯಾರಿಗೆ?

ಮೊದಲು ಗುರುತು ಅಂದರೇನು ನೋಡೋಣ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆ. ದಿಣ್ಣೆಯ ಪಡುವಲಿಗೆ ಬಿದ್ದ ಮಳೆನೀರು ವೃಷಭಾವತಿ ಹಿಡಿದು ಅರ್ಕಾವತಿಗೆ ಹೋಗುತ್ತದೆ, ಮೂಡಲಿಗೆ ಬಿದ್ದದ್ದು ದಕ್ಷಿಣ ಪಿನಾಕಿನಿಗೆ. ಬಸವನಗುಡಿಯ ಬ್ಯೂಗಲ್ ರಾಕ್, ಲಾಲ್‌ಬಾಗಿನ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯ ಕಲ್ಲು. ಇಂಥ ಬಂಡೆಯ ಮಗ್ಗುಲಲ್ಲಿ ಮಣ್ಣು ತೆಳು. ಒಂದು ಬಿರುಮಳೆಗೆ ಕೊಚ್ಚಿಹೋಗುತ್ತದೆ.

ಅಂಥ ಕಡೆ ಬೇಸಾಯ ಹೇಗೆ? ಹಳ್ಳಿಯವರಿಗೆ ಹೇಳಬೇಕಾಗಿಲ್ಲ, ಪಟ್ಟಣದ ವಿದ್ಯಾರ್ಥಿಗಳಿಗೆ ಹೇಳಬೇಕು. ಮೊದಲು ಕಲ್ಲು ಆಯಬೇಕು. ಆಯ್ದ ಕಲ್ಲನ್ನು ಇಳಿಜಾರಿಗೆ ಅಡ್ಡವಾಗಿ ಸಾಲು ಜೋಡಿಸಬೇಕು. ಮಳೆ ಬಂದಾಗ ಮೇಲಿನಿಂದ ಹರಿದ ಮಣ್ಣು ಆ ಸಾಲಿಗೆ ತಡೆದು ನಿಲ್ಲುತ್ತದೆ. ಮುಂದಿನ ವರ್ಷ ಅದರ ಮೇಲೆ ಇನ್ನೊಂದು ವರಸೆ ಕಲ್ಲು. ಹೀಗೆ ಹತ್ತಾರು ಮಳೆಗಾಲ ಕಳೆದ ಮೇಲೆ ಇಳಿಜಾರು ಮೆಟ್ಟಿಲು ಮೆಟ್ಟಿಲಾದ ಹೊಲವಾಗುತ್ತದೆ. ಅಲ್ಲಿ ರಾಗಿ ಬರುತ್ತದೆ, ಹುರುಳಿ ಬರುತ್ತದೆ, ಅವರೆ, ಹುಚ್ಚೆಳ್ಳು ಬರುತ್ತವೆ. ಅಂಥ ಹೊಲದಲ್ಲಿ ಬೆಳೆಯೊಂದೇ ಅಲ್ಲ, ಮಣ್ಣನ್ನೂ ಮನುಷ್ಯನೇ ಮಾಡಿದ್ದು. ಬೇಸಾಯ ನಿಂತ ಮೇಲೂ ಬದು ನಿಲ್ಲುತ್ತದೆ. ಬಯಲುಸೀಮೆಯ ಗುಡ್ಡಗಳ ಸೆರಗಿನಲ್ಲಿ ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ನೋಡಿ. ಲಂಟಾನದ ಪೊದೆ, ಜಾಲಿಯ ನಡುವೆ ಒಂದರ ಕೆಳಗೊಂದು ಗೆರೆ ಎದ್ದು ಕಾಣುತ್ತದೆ. ಅದು ಕೈಯಿಂದ ಬರೆದ ಗೆರೆ.

ಹಳೇ ಬೆಂಗಳೂರಿನಲ್ಲಿ ಆ ಗೆರೆಗಳ ಮೇಲೆ ಟಾರು ಬಿದ್ದಿದೆ. ಆದರೂ ಗುರುತು ಪೂರ್ತಿ ಅಳಿಸಿಲ್ಲ. ಗುಟ್ಟೆ ಅಂದರೆ ಸಣ್ಣ ಗುಡ್ಡ, ಗುಟ್ಟಹಳ್ಳಿ ಎಂಬ ಹೆಸರಿನಲ್ಲೇ ಗುಡ್ಡ ಇದೆ. ಸುಂಕೇನಹಳ್ಳಿ, ಮಾವಳ್ಳಿ ಎಂಬ ಹೆಸರುಗಳು ಇಲ್ಲಿ ಹಳ್ಳಿ ಇದ್ದುದನ್ನು ಹೇಳುತ್ತವೆ. ಗವೀಪುರದ ಕೆಳಗೆ ಕೆಂಪೇಗೌಡರ ಕಾಲದ್ದೆನ್ನುವ ಕೆಂಪಾಂಬುಧಿ ಕೆರೆ ಇದೆ. ಅದರ ಕೆಳಗೆ ಗದ್ದೆ ಇಲ್ಲ. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್‌ ನಿಲ್ದಾಣವಾಯಿತು. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಸೊಪ್ಪು ತರಕಾರಿ ಬೆಳೆದು ಈ ಊರಿಗೆ ಉಣ್ಣಿಸಿದ ತಿಗಳರ ಕರಗಕ್ಕೆ ಅಂತ ಅಲ್ಲಿ ಒಂದು ಪುಟ್ಟ ಕೊಳವನ್ನು ಉಳಿಸಿದ್ದಾರೆ. ತೋಟ ಹೋಗಿ ಪೂಜೆಯ ನೀರು ಉಳಿದಿದೆ. ಪರಿಷೆಯಲ್ಲಿ ಆದದ್ದೇ ಇಲ್ಲೂ ಆಗಿದೆ.

ಗುಡ್ಡದ ಮೇಲಿನ ಹೊಲಕ್ಕೂ ಕೆರೆಯ ಕೆಳಗಿನ ಗದ್ದೆಗೂ ಒಂದು ಸಂಬಂಧ ಇದೆ. ಹಳ್ಳಿಯಿಂದ ಬಂದ ಯಾರಿಗಾದರೂ ಅದು ಗೊತ್ತು. ನೀರು ನಿಲ್ಲುವ ತರಿ ಜಮೀನು ಊರಿನದು. ಕಲ್ಲುಗುಡ್ಡೆಯ ಖುಷ್ಕಿ, ಸಿಕ್ಕಿದರೆ, ಕೇರಿಯದು. ಎಷ್ಟೋ ಊರುಗಳಲ್ಲಿ ಕೆರೆಯ ತೂಬು ಎತ್ತಿ ಗದ್ದೆಗದ್ದೆಗೆ ನೀರು ಹಂಚುವ ನೀರುಗಂಟಿ ದಲಿತ. ಊರಿನ ಗದ್ದೆಗೆಲ್ಲ ನೀರು ಬಿಡುವುದು ಅವನ ಕೈ. ಊರ ಬಾವಿಯ ಹಗ್ಗವನ್ನು ಆ ಕೈ ಮುಟ್ಟುವ ಹಾಗಿಲ್ಲ. ಅವನು ಹರಿಸಿದ ನೀರಲ್ಲಿ ಬೆಳೆದ ಅಕ್ಕಿಗೆ ಮೈಲಿಗೆ ಇಲ್ಲ, ಅವನಿಗೆ ಇದೆ. ಈ ಚಾಕರಿಗೆ ಅವನಿಗೆ ಇನಾಮು ಅಂತ ಒಂದು ತುಂಡು ನೆಲ. ಮಹಾರಾಷ್ಟ್ರದ ಮಹಾರರ ವತನ್ ಜಮೀನೂ ಇಂಥದೇ. ಆ ತುಂಡು ನೆಲ ಇಡೀ ಕುಲವನ್ನು ಊರಿನ ಬಿಟ್ಟಿ ಚಾಕರಿಗೆ ಕಟ್ಟಿಹಾಕುವ ಹಗ್ಗ ಎಂಬುದನ್ನು ಕಂಡೇ ಅಂಬೇಡ್ಕರ್ 1928ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಅದರ ಮೇಲೆ ಮಸೂದೆ ತಂದರು.

ಇನ್ನು ದಾಖಲೆಯ ಕಡೆ ಬರೋಣ. ಮಲ್ಲೇಶ್ವರದ ಕಾಡು ಮಲ್ಲೇಶ್ವರ ಗುಡಿಗೆ ಸೇರಿದ 1669ರ ಒಂದು ಶಾಸನ ಇದೆ. ಶಿವಾಜಿಯ ಮಲತಮ್ಮ ಏಕೋಜಿ ಮಲ್ಲಾಪುರದ ದೇವರಿಗೆ ಮೇದರನಿಂಗನಹಳ್ಳಿ ಎಂಬ ಊರನ್ನು ಬಿಟ್ಟುಕೊಟ್ಟದ್ದನ್ನು ಅದು ಹೇಳುತ್ತದೆ. ಕೊಟ್ಟವನ ಹೆಸರಿದೆ, ತೆಗೆದುಕೊಂಡ ದೇವರ ಹೆಸರಿದೆ. ಊರಿನ ಹೆಸರಲ್ಲಿ ಬುಟ್ಟಿ ಹೆಣೆಯುವ ಮೇದರ ಹೆಸರು ಸಿಕ್ಕಿಕೊಂಡಿದೆ. ಊರೊಂದನ್ನು ದಾನ ಕೊಡುವುದು ಅಂದರೇನು? ಅಲ್ಲಿ ದುಡಿಯುವವರ ಬೆಳೆಯ ಪಾಲನ್ನು ಕೊಡುವುದು. ಕೊಟ್ಟದ್ದು ಯಾರ ಬೆವರೋ ಅವರು ದಾನಿಯ ಸಾಲಿನಲ್ಲಿ ಇಲ್ಲ.

ಮುಂದೆ 1890ರ ದಶಕದ ಹೊತ್ತಿಗೆ ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಎದ್ದವು. 1898ರಲ್ಲಿ ಪ್ಲೇಗು ಬಂದು ಪೇಟೆ ಖಾಲಿಯಾದಾಗ ಇವು ಬೇಗ ಬೇಗ ಬೆಳೆದವು. ಅಗಲ ರಸ್ತೆ, ಗಾಳಿ ಬೆಳಕು, ಉದ್ಯಾನ. ಒಳ್ಳೇದೇ. ಆದರೆ ಬ್ಲಾಕುಗಳನ್ನು ಜಾತಿವಾರು ಹಂಚಿದರು. ಹೊಸ ನಗರದ ನಕ್ಷೆ ಬರೆದ ಸರಕಾರ ಹಳೇ ಹಳ್ಳಿಯ ಕಲ್ಲು ಬದುವನ್ನು ಕಿತ್ತಿತು, ಜಾತಿಯ ಬದುವನ್ನು ಹಾಗೇ ಉಳಿಸಿಕೊಂಡಿತು. ಅಂದಿನ ಹೊಲ ಸೈಟಾಯಿತು. ಸೈಟಿಗೆ ನಂಬರು ಬಿತ್ತು, ಕ್ರಯಪತ್ರ ಬಂತು. ಇವತ್ತು ಅಲ್ಲಿ ಒಂದು ಅಡಿ ನೆಲಕ್ಕೆ ಏನು ಬೆಲೆ ಅನ್ನೋದು ಎಲ್ಲರಿಗೂ ಗೊತ್ತು.

ಈಗ ಪ್ರಶ್ನೆಗೆ ಬರೋಣ. ದುಡಿಮೆ ಹಕ್ಕು ಕೊಡುತ್ತದೆಯೆ?

ಕೊಡುತ್ತದೆ ಅಂತ 17ನೇ ಶತಮಾನದಲ್ಲೇ ಇಂಗ್ಲೆಂಡಿನ ಜಾನ್ ಲಾಕ್ ಹೇಳಿದ. ಯಾರದೂ ಅಲ್ಲದ ನೆಲಕ್ಕೆ ಮನುಷ್ಯ ತನ್ನ ದುಡಿಮೆ ಬೆರೆಸಿದರೆ ಅದು ಅವನ ಆಸ್ತಿ ಆಗುತ್ತದೆ ಅಂತ ಅವನ ವಾದ. ಕೇಳಲು ನಮ್ಮ ಮಾತಿನ ಹಾಗೇ ಇದೆ. ಆದರೆ ಅದೇ ಪುಟದಲ್ಲಿ ಅವನು ಇನ್ನೊಂದು ಮಾತು ಹೇಳಿಬಿಟ್ಟಿದ್ದಾನೆ. ತನ್ನ ಆಳು ಕಡಿದ ಹುಲ್ಲುಹೆಂಟೆಯೂ ತನ್ನದೇ ಅಂತೆ. ತನ್ನ ಕುದುರೆ ಮೇಯ್ದ ಹುಲ್ಲಿನ ಸಾಲಿಗೇ ಆಳಿನ ದುಡಿಮೆಯನ್ನೂ ಸೇರಿಸಿಬಿಟ್ಟ. ಅಂದರೆ ದುಡಿಮೆಗೆ ಹಕ್ಕುಂಟು, ದುಡಿದವನಿಗೆ ಇಲ್ಲ. ಆಳಿಟ್ಟವನಿಗೆ ಉಂಟು.

ಇದು ಇಂಗ್ಲೆಂಡಿನ ಕತೆ ಅಂತ ನಗುವ ಹಾಗಿಲ್ಲ. 1974ರ ಮಾರ್ಚಿಯಿಂದ ಜಾರಿಗೆ ಬಂದ ನಮ್ಮ ಭೂಸುಧಾರಣೆ ದೊಡ್ಡ ಕೆಲಸ, ಅದನ್ನು ಸಣ್ಣದು ಮಾಡಬಾರದು. ಲಕ್ಷಾಂತರ ಗೇಣಿದಾರರು ಫಾರಂ 7 ತುಂಬಿ ಹೊಲದೊಡೆಯರಾದರು. ಆದರೆ ಉಳುವವನೇ ಹೊಲದೊಡೆಯ ಅಂದಾಗ ಉಳುವವನು ಯಾರು? ಕಾನೂನಿನ ಕಣ್ಣಿಗೆ ಗೇಣಿದಾರ. ನೇಗಿಲ ಮೇಣಿ ಹಿಡಿದ ಕೂಲಿಯವನಲ್ಲ, ಜೀತದವನಲ್ಲ. ಕೃಷಿ ಕೂಲಿಗೆ ಸಿಕ್ಕಿದ್ದು ಅವನ ಗುಡಿಸಲು ನಿಂತಿದ್ದ ಜಾಗದ ಹಕ್ಕು. ಹೊಲ ಗೇಣಿಕಾಗದ ಇದ್ದವನಿಗೆ, ಗುಡಿಸಲ ಜಾಗ ಕಾಗದವೇ ಇಲ್ಲದವನಿಗೆ. ನೇಗಿಲ ಹಿಂದೆ ನಡೆದವರು ಯಾರು ಅಂತ ಹೊಲವನ್ನು ಕೇಳಿದ್ದರೆ ಬೇರೆ ಉತ್ತರ ಬರುತ್ತಿತ್ತು. ಆಮೇಲೆ 2020ರಲ್ಲಿ ಅದೇ ಕಾಯಿದೆಯ 79ಎ, 79ಬಿ ಕಲಮುಗಳನ್ನು ತೆಗೆದುಹಾಕಿ, ಎಂದೂ ಮಣ್ಣು ಮುಟ್ಟದವನೂ ದುಡ್ಡಿದ್ದರೆ ಬೇಸಾಯದ ಜಮೀನು ಕೊಳ್ಳಬಹುದು ಅಂತ ಮಾಡಿದರು. ಉಳುವವನೇ ಒಡೆಯ ಎಂಬ ಮಾತು ಅಲ್ಲಿಗೆ ತಲೆಕೆಳಗಾಯಿತು.

ಹೀಗಾಗಿ ಬದುವನ್ನು ನೋಡಿದ ಕೂಡಲೇ ನಾವು ಭಾವುಕರಾಗಬಾರದು. ಬದುವಿಗೆ ಬಾಯಿಲ್ಲ. ಸ್ವಂತ ಹೊಟ್ಟೆಗಾಗಿ ಕಲ್ಲು ಹೊತ್ತವನ ಬದುವೂ, ಗೌಡನ ಸಾಲಕ್ಕಾಗಿ ಕಲ್ಲು ಹೊತ್ತ ಜೀತದವನ ಬದುವೂ ನೋಡಲು ಒಂದೇ ಥರ ಇರುತ್ತವೆ. ಜೀತದವನ ಬದು ನಾಳೆ ಗೌಡನ ಪರವಾಗಿಯೇ ಸಾಕ್ಷಿ ಹೇಳುತ್ತದೆ: ನೋಡಿ, ಈ ಜಮೀನನ್ನು ಅಭಿವೃದ್ಧಿ ಮಾಡಿದವರು ಇವರು. ಜೀತ ಪದ್ಧತಿಯನ್ನು 1976ರ ಕಾಯಿದೆ ರದ್ದು ಮಾಡಿತು, ಸಾಲ ರದ್ದಾಯಿತು. ಆದರೆ ಜೀತದವರು ಕಟ್ಟಿದ ಬದುವಿನ ಲೆಕ್ಕವನ್ನು ಯಾರೂ ತೆಗೆಯಲಿಲ್ಲ.

ಇದರ ಇನ್ನೊಂದು ಮುಖ ಕಂದಾಯದ ಕಡತದಲ್ಲಿ ಇದೆ. ಗುಡ್ಡ, ಬಂಡೆ, ಇಳಿಜಾರುಗಳನ್ನು ಕಡತ ಖರಾಬು ಅಂತ ಬರೆಯುತ್ತದೆ. ಖರಾಬು ಅಂದರೆ ಕೆಟ್ಟದ್ದು, ಬೇಸಾಯಕ್ಕೆ ಬಾರದ್ದು. ಎರಡು ಮೂರು ತಲೆಮಾರು ಕಲ್ಲು ಆಯ್ದು ಮಣ್ಣು ನಿಲ್ಲಿಸಿದ ಹೊಲಕ್ಕೂ ಕಾಗದದಲ್ಲಿ ಅದೇ ಹೆಸರು ಇರಬಹುದು. ಹುಕುಂ ಇಲ್ಲದೆ ಉತ್ತವನು ಬಗರ್‌ಹುಕುಂ ಸಾಗುವಳಿದಾರ. ಫಾರಂ 50, ಫಾರಂ 53, ಫಾರಂ 57 ಅಂತ ಅರ್ಜಿ ಹಾಕಿ ಹಾಕಿ ಜನ ಮುದುಕರಾಗಿದ್ದಾರೆ. ತಾಲ್ಲೂಕು ಕಚೇರಿಯ ಜಗುಲಿಯಲ್ಲಿ ಕೇಳಿಬರುವ ಮಾತು ಎಲ್ಲರಿಗೂ ಗೊತ್ತಿರುವಂಥದೇ.

‘ಏನಯ್ಯಾ, ಸಾಗುವಳಿ ಮಾಡ್ತಿದ್ದೆ ಅನ್ನೋಕೆ ಏನಿದೆ ನಿನ್ಹತ್ರ?’

‘ಬದ ಐತೆ ಸೋಮಿ. ನಮ್ಮ ತಾತ ಹಾಕಿದ್ದು. ಬಂದು ನೋಡಿ.’

‘ಬದ ತಂದು ಮೇಜಿನ ಮೇಲೆ ಇಡ್ತೀಯಾ? ಕಾಗದ ಏನಿದೆ ಹೇಳು.’

ಬೆಂಗಳೂರಿನ ಸುತ್ತ ಇರುವವರಿಗಂತೂ ಈ ಮಾತೂ ಇಲ್ಲ. ಭೂಕಂದಾಯ ಕಾಯಿದೆಯ 94ಎ ಕಲಮಿನಂತೆ ಬೆಂಗಳೂರು ನಗರದ ಎಲ್ಲೆಯಿಂದ 18 ಕಿಲೋಮೀಟರ್ ಒಳಗಿನ ಜಮೀನನ್ನು ಬಗರ್‌ಹುಕುಂ ಸಕ್ರಮಕ್ಕೆ ತೆಗೆದುಕೊಳ್ಳುವಂತಿಲ್ಲ. ನಗರ ಬೆಳೆಯುತ್ತಾ ಹೋದಂತೆ ಆ 18 ಕಿಲೋಮೀಟರ್ ಕೂಡ ಮುಂದೆ ಮುಂದೆ ನಡೆಯುತ್ತದೆ. ಸುಂಕೇನಹಳ್ಳಿಯ ಗುಡ್ಡದಲ್ಲಿ ನೂರಿಪ್ಪತ್ತು ವರ್ಷದ ಹಿಂದೆ ಆದದ್ದು ಇವತ್ತು ಆನೇಕಲ್ಲು, ದೇವನಹಳ್ಳಿ ಸೀಮೆಯಲ್ಲಿ ಆಗುತ್ತಿದೆ. ಬಸವ ಅಲ್ಲಿಗೂ ಬಂದಿದ್ದಾನೆ, ಬೇರೆ ವೇಷದಲ್ಲಿ.

ಹಾಗಾದರೆ ನೆಲದ ಗುರುತನ್ನು ಸಾಕ್ಷಿಯೆಂದು ಒಪ್ಪುವುದು ಆಗದ ಮಾತೆ? ಆಗುತ್ತದೆ ಅನ್ನೋದಕ್ಕೆ ಎರಡು ಉದಾಹರಣೆ ಕೊಡುತ್ತೇನೆ.

ಒಂದು ಬಳ್ಳಾರಿಯ ಪಕ್ಕದ ಸಂಗನಕಲ್ಲಿನದು. ಅಲ್ಲಿನ ಗುಡ್ಡಗಳ ಮೇಲೆ ನಾಲ್ಕು ಸಾವಿರ ವರ್ಷದ ಹಿಂದಿನ ಬೇಸಾಯಗಾರರ ನೆಲೆ ಸಿಕ್ಕಿದೆ. ಕಲ್ಲಿನ ಕೊಡಲಿ ಮಾಡಿದ ಜಾಗ ಸಿಕ್ಕಿದೆ. ಸುಟ್ಟು ಕರಿಯಾದ ಕಾಳುಗಳಿಂದ ಅವರು ಹುರುಳಿ, ಕೊರಲೆ ಬೆಳೆದು ತಿನ್ನುತ್ತಿದ್ದರು ಅಂತ ಪ್ರಾಕ್ತನಶಾಸ್ತ್ರದವರು ಗೊತ್ತುಮಾಡಿದ್ದಾರೆ. ಆ ಜನ ಒಂದು ಅಕ್ಷರ ಬರೆದವರಲ್ಲ. ಆದರೂ ಕಾಳು, ಬೂದಿ, ಕಲ್ಲು ಅವರ ಪರ ಸಾಕ್ಷಿ ಹೇಳಿದ್ದನ್ನು ವಿದ್ವಾಂಸರು ಒಪ್ಪುತ್ತಾರೆ. ಫಿಲಿಪೈನ್ಸಿನ ಗುಡ್ಡಗಳಲ್ಲಿ ಇಫುಗಾವೋ ಜನ ಕಟ್ಟಿದ ಮೆಟ್ಟಿಲುಗದ್ದೆಗಳನ್ನು ಯುನೆಸ್ಕೋ 1995ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಸತ್ತು ನಾಲ್ಕು ಸಾವಿರ ವರ್ಷವಾದವನ ಕಾಳನ್ನು ನಂಬುವ ವಿದ್ಯಾವಂತ ಜಗತ್ತು, ಎದುರಿಗೆ ಬದುಕಿ ನಿಂತ ಮುದುಕನ ಬದುವನ್ನು ಯಾಕೆ ನಂಬುವುದಿಲ್ಲ? ಸತ್ತವನು ಪಾಲು ಕೇಳುವುದಿಲ್ಲ, ಬದುಕಿದವನು ಕೇಳುತ್ತಾನೆ. ಬೇರೆ ಕಾರಣ ನನಗೆ ಕಾಣುವುದಿಲ್ಲ.

ಇನ್ನೊಂದು ಉದಾಹರಣೆ ಕಾನೂನಿನದು. 2006ರ ಅರಣ್ಯ ಹಕ್ಕು ಕಾಯಿದೆಯ ನಿಯಮಗಳಲ್ಲಿ 13ನೆಯದು ಸಾಕ್ಷ್ಯ ಯಾವುದು ಎಂದು ಪಟ್ಟಿ ಕೊಡುತ್ತದೆ. ಅದರಲ್ಲಿ ಸರಕಾರಿ ಕಾಗದಗಳ ಜೊತೆಗೆ ನೆಲ ಮಟ್ಟ ಮಾಡಿದ್ದು, ಬದು ಹಾಕಿದ್ದು, ತಡೆಗಟ್ಟೆ ಕಟ್ಟಿದ್ದು ಕೂಡ ಸೇರಿದೆ. ಬಾವಿ, ಹೂಳುವ ಜಾಗ, ದೇವರ ತಾವು ಸೇರಿವೆ. ಊರ ಹಿರಿಯರ ಮಾತನ್ನು ಬರೆದುಕೊಂಡರೆ ಅದೂ ಸಾಕ್ಷ್ಯ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಗುಡ್ಡದ ಇಳಿಜಾರಲ್ಲಿ ಜಾಗ ಬದಲಿಸುತ್ತ ರಾಗಿ ಬೆಳೆದು ಬದುಕಿದವರು. 1974ರಲ್ಲಿ ಬೆಟ್ಟ ವನ್ಯಧಾಮವಾದಾಗ ಆ ಬೇಸಾಯ ನಿಂತಿತು, ಎಷ್ಟೋ ಪೋಡುಗಳನ್ನು ಎಬ್ಬಿಸಿದರು. ಅವರು ಹಾಕುತ್ತಿದ್ದ ತರಗು ಬೆಂಕಿ ನಿಂತ ಮೇಲೆ ಲಂಟಾನ ಕಾಡನ್ನೇ ಮುಚ್ಚಿತು ಅಂತ ಅವರು ಹೇಳುತ್ತಾರೆ. ಕಾಡು ಹಾಳುಮಾಡುವವರು ಅಂತ ಹೆಸರು ಹೊತ್ತ ಅದೇ ಜನರ 25 ಪೋಡುಗಳ ಗ್ರಾಮಸಭೆಗಳಿಗೆ 2011ರಲ್ಲಿ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಇಷ್ಟಕ್ಕೇ ಎಲ್ಲ ಸರಿಹೋಯಿತು ಅಂತಲ್ಲ. ಕಾಡಿನಲ್ಲಿ ಬದುವಿಗೆ ಸಾಕ್ಷಿ ಹೇಳುವ ಯೋಗ್ಯತೆ ಇದ್ದರೆ ಊರಿನಲ್ಲಿ ಯಾಕಿಲ್ಲ ಅಂತ ಕೇಳಲು ನಮಗೆ ಒಂದು ಆಧಾರ ಸಿಕ್ಕಿದೆ.

ಇಲ್ಲಿ ಒಂದು ಆಕ್ಷೇಪಣೆ ಬರುತ್ತದೆ, ಅದನ್ನು ತಳ್ಳಿಹಾಕುವಂತಿಲ್ಲ. ಪ್ರಪಂಚದ ಪ್ರತಿ ಅಂಗುಲ ನೆಲದ ಮೇಲೂ ಹಿಂದೆ ಯಾರೋ ದುಡಿದಿದ್ದಾರೆ. ಅವರನ್ನೆಲ್ಲ ಎಲ್ಲಿ ಹುಡುಕೋದು? ಬಸವನಗುಡಿಯನ್ನು ಕೆಡವಿ ಮತ್ತೆ ಕಡಲೆಕಾಯಿ ಹಾಕೋದಾ? ದುಡಿದವರೆಲ್ಲ ಸತ್ತುಹೋದರು, ಇವತ್ತಿನವರು ಏನು ತಪ್ಪು ಮಾಡಿದ್ದಾರೆ?

ಕೆಡವಿ ಅಂತ ಯಾರೂ ಹೇಳುತ್ತಿಲ್ಲ. ಆದರೆ ಸತ್ತವರ ಮಾತು ಎತ್ತಿದ್ದರಿಂದ ಒಂದು ಪ್ರಶ್ನೆ. ಬಸವನಗುಡಿಯಲ್ಲಿ ತಾತ ಕೊಂಡ ಸೈಟಿಗೆ ಮೊಮ್ಮಗ ಒಡೆಯ. ತಾತ ಸತ್ತ, ಕ್ರಯಪತ್ರ ಸಾಯಲಿಲ್ಲ. ಅದು ಕೈಯಿಂದ ಕೈಗೆ ನಡೆದು ಬರುತ್ತದೆ, ಜೊತೆಗೆ ಬೆಲೆಯನ್ನೂ ಬೆಳೆಸುತ್ತದೆ. ಅದೇ ಕಾಲದಲ್ಲಿ ಅದೇ ಗುಡ್ಡದಲ್ಲಿ ಕಲ್ಲು ಹೊತ್ತ ಇನ್ನೊಬ್ಬ ತಾತನ ದುಡಿಮೆ ಮಾತ್ರ ಅವನ ಜೊತೆಗೇ ಸತ್ತಿತು ಅಂತ ಯಾವ ಧರ್ಮ ಹೇಳುತ್ತದೆ? ಆಸ್ತಿ ತಲೆಮಾರು ದಾಟುತ್ತದೆ ಅಂತ ಒಪ್ಪುವವರು ಋಣವೂ ತಲೆಮಾರು ದಾಟುತ್ತದೆ ಅಂತ ಒಪ್ಪಲೇಬೇಕು. ಎರಡನ್ನೂ ಬಿಡಿ, ಇಲ್ಲ ಎರಡನ್ನೂ ಇಟ್ಟುಕೊಳ್ಳಿ. ಮೊದಲನೆಯದನ್ನು ಇಟ್ಟುಕೊಂಡು ಎರಡನೆಯದನ್ನು ಬಿಡುವುದು ನ್ಯಾಯವಲ್ಲ.

ಈ ಋಣವನ್ನು ಹಳೇ ಮೊಮ್ಮಗನನ್ನು ಹುಡುಕಿ ರೂಪಾಯಿ ಲೆಕ್ಕದಲ್ಲಿ ತೀರಿಸಲು ಆಗುವುದಿಲ್ಲ. ಆದ್ದರಿಂದಲೇ ಅದನ್ನು ಇಂದಿನ ನೆಲದ ಮೇಲೆ ತೀರಿಸಬೇಕಾಗುತ್ತದೆ. ಪರಿಶಿಷ್ಟರಿಗೆ ಮಂಜೂರಾದ ಜಮೀನು ಪರಭಾರೆಯಾಗದಂತೆ 1978ರಲ್ಲಿ ಬಂದ ಪಿಟಿಸಿಎಲ್ ಕಾಯಿದೆ ಇಂಥ ಒಂದು ಋಣಸಂದಾಯ. ತಡವಾಗಿ ಬಂದಿರಿ ಅಂತ ಅರ್ಜಿಗಳು ಬಿದ್ದುಹೋಗತೊಡಗಿದಾಗ ಹೋರಾಟ ನಡೆದು 2023ರಲ್ಲಿ ಕಾಲಮಿತಿ ಇಲ್ಲ ಎಂಬ ತಿದ್ದುಪಡಿ ಬಂತು. ಆ ತಿದ್ದುಪಡಿಯ ಹಿಂದೆ ಇರುವ ನೀತಿ ನಾನು ಮೇಲೆ ಹೇಳಿದ್ದೇ: ಕಾಲ ಕಳೆದಷ್ಟಕ್ಕೆ ದುಡಿದವನ ಹಕ್ಕು ಕರಗುವುದಿಲ್ಲ.

ಹಳ್ಳಿ ಶಾಲೆಯ ಮೇಷ್ಟ್ರುಗಳಿಗೆ, ಮೇಡಂಗಳಿಗೆ, ರಜೆಯಲ್ಲಿ ಊರಿಗೆ ಹೋಗುವ ವಿದ್ಯಾರ್ಥಿಗಳಿಗೆ ಒಂದು ಕೆಲಸ ಹೇಳಿ ಮುಗಿಸುತ್ತೇನೆ. ನಿಮ್ಮೂರ ಗುಡ್ಡಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿ. ಬದು ಎಲ್ಲೆಲ್ಲಿದೆ ನೋಡಿ ನಕ್ಷೆ ಬರೆಸಿ. ಆಮೇಲೆ ಕೇರಿಗೂ ಊರಿಗೂ ಹೋಗಿ ವಯಸ್ಸಾದವರನ್ನು ಕೇಳಿ. ಈ ಬದ ಯಾರು ಹಾಕಿದ್ದು? ಅವರಿಗೆ ದಿನಕ್ಕೆ ಏನು ಕೊಡ್ತಿದ್ರು, ಕಾಳೋ ಕಾಸೋ? ಕಲ್ಲು ಹೊತ್ತವರಲ್ಲಿ ಹೆಂಗಸರು ಎಷ್ಟು? ಹೊಲ ಈಗ ಯಾರ ಹೆಸರಲ್ಲಿದೆ? ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಳ್ಳಿ, ದಿನಾಂಕ ಹಾಕಿ, ಹೇಳಿದವರ ಹೆಬ್ಬೆಟ್ಟೋ ಸಹಿಯೋ ಹಾಕಿಸಿ. ಹಿರಿಯರ ಮಾತು ಸಾಕ್ಷ್ಯ ಅಂತ ಒಂದು ಕಾನೂನು ಆಗಲೇ ಒಪ್ಪಿದೆ, ನಾಳೆ ಇನ್ನೊಂದನ್ನೂ ಒಪ್ಪಿಸಬಹುದು. ಆ ಮಾತು ಕಾಗದದಲ್ಲಿ ಇಲ್ಲದಿದ್ದರೆ ಒಪ್ಪಿಸುವುದಕ್ಕೂ ಏನೂ ಇರುವುದಿಲ್ಲ. ಹಾಗೆ ಹೇಳಬಲ್ಲ ಮುದುಕರು ಊರೂರಲ್ಲಿ ಇನ್ನು ಕೆಲವರೇ ಉಳಿದಿದ್ದಾರೆ. ಈ ಬೇಸಿಗೆಯಲ್ಲೇ ಹೋಗಿ.